ನೀರಿನಲ್ಲಿ ಎಷ್ಟು ಕರಗೀತು?

ಹೋದ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗಳ ಮನೆಗೆ ಹೋಗಿದ್ದೆ. ಬಯಲುಸೀಮೆಯ ಒಂದು ತಾಲ್ಲೂಕು ಊರು. ಮನೆಯ ಹಿತ್ತಿಲಲ್ಲೇ ಕೊಳವೆ ಬಾವಿ, ನೀರಿಗೆ ಬರವಿಲ್ಲ. ಊಟವಾದ ಮೇಲೆ ಅವಳು ತನ್ನ ಒಂಬತ್ತು ವರ್ಷದ ಮಗಳನ್ನು ಕರೆದು, "ಎಲ್ಲಿ, ಮಾವನಿಗೆ ಹಲ್ಲು ತೋರಿಸು" ಎಂದಳು. ಹುಡುಗಿ ನಾಚಿಕೊಂಡೇ ಬಾಯಿ ತೆರೆಯಿತು. ಹಾಲುಹಲ್ಲು ಬಿದ್ದು ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಸುಣ್ಣದಿಂದ ಗೆರೆ ಎಳೆದಂತೆ ಬಿಳಿಯ ಪಟ್ಟೆಗಳು. ಒಂದೆರಡು ಕಡೆ ಕಾಫಿಯ ಕಲೆಯಂಥ ಬಣ್ಣ.

"ಅಣ್ಣಾ, ಹುಟ್ಟಿದಂದಿನಿಂದ ಇದಕ್ಕೆ ಕಾಯಿಸಿ ಆರಿಸಿದ ನೀರಲ್ಲದೆ ಬೇರೆ ಕೊಟ್ಟವಳಲ್ಲ ನಾನು. ನೀರೋ, ಗಾಜಿನ ಹಾಗೆ ತಿಳಿ. ಸೋಪು ಹಚ್ಚಿದರೆ ನೊರೆ ಉಕ್ಕುತ್ತದೆ. ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಇಷ್ಟು ಒಳ್ಳೆಯ ನೀರಿನಲ್ಲಿ ಏನು ದೋಷ ಇದ್ದೀತು?" ಎಂದು ಕೇಳಿದಳು.

ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಾಗಿತ್ತು. ಆದರೆ ಆ ಮಾತು ಮನಸ್ಸಿಗೆ ಹಿಡಿಯಬೇಕಾದರೆ ಅದಕ್ಕೆ ಮೊದಲು ಬೇರೊಂದು ವಿಷಯ ತಿಳಿದಿರಬೇಕು. ನೀರಿನಲ್ಲಿ ಒಂದು ವಸ್ತು ಎಷ್ಟು ಕರಗುತ್ತದೆ, ಆ ಅಳತೆ ಏತರಿಂದ ಹೆಚ್ಚುತ್ತದೆ, ಏತರಿಂದ ಕುಗ್ಗುತ್ತದೆ ಎಂಬ ವಿಷಯ. ಅದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಅಡುಗೆಮನೆಯೇ ಸಾಕು.

ಒಂದು ಲೋಟದಲ್ಲಿ 100 ಗ್ರಾಂ ನೀರು ತೆಗೆದುಕೊಳ್ಳಿ. ಅದಕ್ಕೆ ಚಮಚೆ ಚಮಚೆಯಾಗಿ ಅಡುಗೆಯ ಉಪ್ಪನ್ನು ಹಾಕಿ ಕಲಕುತ್ತ ಹೋಗಿ. ಮೊದಲು ಹಾಕಿದ್ದೆಲ್ಲ ಮಾಯವಾಗುತ್ತದೆ. ಸುಮಾರು 36 ಗ್ರಾಂ ಆಗುವ ಹೊತ್ತಿಗೆ ನೀರು ಹಟ ಹಿಡಿಯುತ್ತದೆ. ಅದರಾಚೆಗೆ ಹಾಕಿದ ಉಪ್ಪು ಹಾಕಿದಂತೆಯೇ ತಳದಲ್ಲಿ ಕೂರುತ್ತದೆ. ಗಂಟೆಗಟ್ಟಲೆ ಕಲಕಿದರೂ ಅಷ್ಟೆ. ಹೀಗೆ ಹಿಡಿಯುವಷ್ಟನ್ನೂ ಹಿಡಿದುಕೊಂಡ ದ್ರಾವಣಕ್ಕೆ ಪರ್ಯಾಪ್ತ ದ್ರಾವಣ ಎಂದು ಹೆಸರು. ಮಲೆನಾಡಿನ ಮನೆಗಳಲ್ಲಿ ಮಾವಿನ ಮಿಡಿಯನ್ನು ಜಾಡಿಗೆ ತುಂಬಿ ಪದರ ಪದರವಾಗಿ ಉಪ್ಪು ಹಾಕಿಡುತ್ತಾರಲ್ಲ, ಕೆಲವು ದಿನಗಳಲ್ಲಿ ಮಿಡಿ ಚಿರುಟಿ, ಬಿಟ್ಟ ನೀರಿನಲ್ಲಿ ಉಪ್ಪು ಕರಗಿ, ಜಾಡಿಯ ತಳದಲ್ಲಿ ಇನ್ನೂ ಕೊಂಚ ಉಪ್ಪು ಉಳಿದಿರುತ್ತದೆ. ಆ ಉಳಿದ ಉಪ್ಪೇ ಸಾಕ್ಷಿ. ಅದು ಕಾಣುವವರೆಗೆ ನೀರು ತುಂಬಿದೆ ಎಂದು ನಂಬಬಹುದು. ಅಷ್ಟು ಉಪ್ಪಿನಲ್ಲಿ ಬೂಷ್ಟು ಬೆಳೆಯಲಾರದು. ಮಿಡಿ ವರ್ಷಗಟ್ಟಲೆ ಕೆಡದೆ ನಿಲ್ಲುವುದರ ಗುಟ್ಟು ಇದು. ನಮ್ಮ ಅಜ್ಜಿಯರು ಪರ್ಯಾಪ್ತ ದ್ರಾವಣವೆಂಬ ಹೆಸರು ಕೇಳದೆಯೇ ಅದನ್ನು ಕರಾರುವಾಕ್ಕಾಗಿ ಮಾಡುತ್ತಿದ್ದರು.

ನೀರು ಹಟ ಹಿಡಿಯುತ್ತದೆ ಎಂದೆ. ಹಾಗೆಂದರೆ ಒಳಗೆ ಎಲ್ಲವೂ ನಿಂತುಹೋಯಿತೆಂದು ತಿಳಿಯಬಾರದು. ಜಾತ್ರೆಯ ದಿನ ಗುಡಿಯೊಳಗೆ ಇರುವಷ್ಟು ಜನ ಇದ್ದೇ ಇರುತ್ತಾರೆ, ಆದರೆ ಅವರೇ ಅಲ್ಲ. ಒಬ್ಬ ಒಳಗೆ ಹೋದಾಗ ಒಬ್ಬ ಹೊರಗೆ ಬರುತ್ತಾನೆ. ತಳದ ಹರಳಿನಿಂದ ಉಪ್ಪಿನ ಕಣಗಳು ನೀರಿಗೆ ಹೋಗುತ್ತಲೇ ಇರುತ್ತವೆ. ಅಷ್ಟೇ ಕಣಗಳು ನೀರಿನಿಂದ ಮರಳಿ ಹರಳಿಗೆ ಅಂಟುತ್ತಲೇ ಇರುತ್ತವೆ. ಇದಕ್ಕೆ ಸೊಗಸಾದ ರುಜುವಾತು ಒಂದುಂಟು. ಮೂಲೆ ಮುರಿದ ಹರಳೊಂದನ್ನು ಅದರದೇ ಪರ್ಯಾಪ್ತ ದ್ರಾವಣದಲ್ಲಿ ಬಹುಕಾಲ ಬಿಟ್ಟರೆ ಅದರ ತೂಕ ಹೆಚ್ಚುವುದಿಲ್ಲ, ಕಡಮೆಯಾಗುವುದೂ ಇಲ್ಲ. ಆದರೆ ಮುರಿದ ಮೂಲೆ ತಾನೇ ತಾನಾಗಿ ತುಂಬಿಕೊಂಡು ಹರಳು ನೆಟ್ಟಗಾಗುತ್ತದೆ. ಹೋಗುವುದೂ ಬರುವುದೂ ಇಲ್ಲದಿದ್ದರೆ ಈ ಚಿಕಿತ್ಸೆ ಎಲ್ಲಿಂದ ಬಂದೀತು?

ಸಕ್ಕರೆಯ ಮಾತು ಬೇರೆ. ಅದೇ 100 ಗ್ರಾಂ ನೀರು, 20 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಸುಮಾರು 200 ಗ್ರಾಂ ಸಕ್ಕರೆಯನ್ನು ನುಂಗುತ್ತದೆ, ಎಂದರೆ ತನ್ನ ತೂಕದ ಇಮ್ಮಡಿ. ಕುದಿಯುವ ಶಾಖದಲ್ಲಿ 480 ಗ್ರಾಮಿಗೂ ಮೇಲೆ. ಉಪ್ಪಿಗೆ ಮಾತ್ರ ಶಾಖದ ಪರಿವೆ ಅಷ್ಟಿಲ್ಲ. 36 ಇದ್ದದ್ದು ಕುದಿಯುವ ನೀರಿನಲ್ಲಿ 39 ಆಗುತ್ತದೆ, ಅಷ್ಟೆ. ಉಪ್ಪಿನ ಈ ಉದಾಸೀನದಿಂದಾಗಿಯೇ ಸಮುದ್ರದ ಉಪ್ಪನ್ನು ನೀರು ತಣ್ಣಗಾಗಿಸಿ ತೆಗೆಯಲಾಗುವುದಿಲ್ಲ. ಗೋಕರ್ಣದ ಬಳಿಯ ಸಾಣೀಕಟ್ಟೆಯಲ್ಲಿ ಮಾಡುವಂತೆ ಬಿಸಿಲಿಗೆ ನೀರನ್ನೇ ಆರಿಸಬೇಕು. ಸಕ್ಕರೆಯ ಶಾಖಪ್ರೀತಿಯಿಂದ ನಮಗೆ ಬೇರೊಂದು ಲಾಭ. ಮೈಸೂರು ಕಡೆ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರು ಇದನ್ನು ಬಲ್ಲರು. ಪಾಕ ಬಿಸಿಯಾಗಿರುವಾಗ 100 ಗ್ರಾಂ ನೀರಿನಲ್ಲಿ 400 ಗ್ರಾಂ ಸಕ್ಕರೆ ಇದೆಯೆನ್ನಿ. ಆರಿದ ಮೇಲೆ ಅದು ಹಿಡಿದಿಡಬಲ್ಲದ್ದು 200 ಗ್ರಾಂ ಮಾತ್ರ. ಮಿಕ್ಕ 200 ಗ್ರಾಂ ಹರಳಾಗಲೇಬೇಕು. ಪಾಕವನ್ನು ಕಲಕಿ ಕಲಕಿ ಬೆಳ್ಳಗೆ ಮಾಡಿ ಮರದ ಅಚ್ಚಿಗೆ ಹೊಯ್ದರೆ ಕೆಲವೇ ನಿಮಿಷಗಳಲ್ಲಿ ಆನೆಯೋ ಹಂಸವೋ ಗಟ್ಟಿಯಾಗಿ ಕೈಗೆ ಬರುವುದು ಈ ಕಾರಣದಿಂದ. ಕಲಕದೆ ನಿಧಾನವಾಗಿ ಆರಲು ಬಿಟ್ಟರೆ ಪಾಕ ಕೆಲವು ಕಾಲ ತನ್ನ ಶಕ್ತಿಗೆ ಮೀರಿದ ಹೊರೆಯನ್ನು ಹೊತ್ತುಕೊಂಡೇ ಇರುತ್ತದೆ. ದಾರ ಇಳಿಬಿಟ್ಟರೆ ಅದರ ಸುತ್ತ ದಿನಗಟ್ಟಲೆ ಕಟ್ಟಿಕೊಂಡು ಕಲ್ಲುಸಕ್ಕರೆಯಾಗುತ್ತದೆ.

ಇಷ್ಟರಿಂದ, ಕಾಯಿಸಿದರೆ ಎಲ್ಲವೂ ಹೆಚ್ಚು ಕರಗುತ್ತದೆಂದು ನಿರ್ಣಯ ಮಾಡುವುದು ಆತುರವಾದೀತು. ಎಲೆಯಡಿಕೆಗೆ ಹಾಕುವ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನು ಬಸಿದು ಕಾಯಿಸಿ ನೋಡಿ. ತಿಳಿಯಾಗಿದ್ದ ನೀರು ಮಬ್ಬಾಗುತ್ತದೆ. ಲೀಟರಿಗೆ ಸುಮಾರು 1.7 ಗ್ರಾಂ ಕರಗುವ ಸುಣ್ಣ, ಕುದಿಯುವ ನೀರಿನಲ್ಲಿ ಅದರ ಅರ್ಧವೂ ಕರಗುವುದಿಲ್ಲ. ಅನಿಲಗಳಂತೂ ಶಾಖದ ಪರಮ ಶತ್ರುಗಳು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಕುದಿಯುವುದಕ್ಕೆ ಬಹಳ ಮುಂಚೆಯೇ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ; ಅದು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಜಾಗ ಖಾಲಿ ಮಾಡುತ್ತಿರುವುದು. ಕಾಯಿಸಿದ ನೀರು ಸಪ್ಪೆಯಾಗಿ ತೋರುವುದಕ್ಕೂ ಇದೇ ಕಾರಣ. ಗೋಲಿ ಸೋಡಾದಲ್ಲಿ ಒತ್ತಡ ಹಾಕಿ ಇಂಗಾಲದ ಡೈ ಆಕ್ಸೈಡನ್ನು ನೀರಿಗೆ ತುರುಕಿರುತ್ತಾರೆ. ಗೋಲಿ ಒತ್ತಿದೊಡನೆ ಅದು ಭುಸ್ಸೆಂದು ಹೊರಬೀಳುತ್ತದೆ. ಸೋಡಾ ಬಿಸಿಯಾಗಿದ್ದರೆ ಭುಸ್ಸಾಟ ಹೆಚ್ಚು, ಬಾಯಿಗೆ ಸಿಗುವುದು ಕಡಮೆ.

ಈ ಇಂಗಾಲದ ಡೈ ಆಕ್ಸೈಡನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಅಜ್ಜಿಯ ಬಚ್ಚಲುಮನೆಯ ಹಂಡೆಗೂ ಅದಕ್ಕೂ ಸಂಬಂಧವುಂಟು.

ಆ ಮನೆಯ ಬಾವಿಯ ನೀರು ಗಡಸು. ಸೋಪು ನೊರೆ ಬಿಡದು; ತೊಗರಿಬೇಳೆ ಎಷ್ಟು ಬೇಯಿಸಿದರೂ ಕಾಳು ಕಾಳು. ತಾಮ್ರದ ಹಂಡೆಯ ಒಳಗೆ ಬೆರಳು ದಪ್ಪ ಬೆಳ್ಳಗೆ ಕಟ್ಟಿರುತ್ತಿತ್ತು. ಉಪ್ಪು ಕಟ್ಟಿದೆ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಹುಣಿಸೆಯ ನೀರು ಹಾಕಿ ನೆನೆಸಿ ಅದನ್ನು ಕೆರೆದು ತೆಗೆಯುವ ಕೆಲಸ ಹುಡುಗರದು. ಅದು ಊಟದ ಉಪ್ಪಲ್ಲ. ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ಸುಣ್ಣದ ಕಲ್ಲು. ವಿಚಿತ್ರವೇನೆಂದರೆ ಸುಣ್ಣದ ಕಲ್ಲು ಶುದ್ಧ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಲೀಟರಿಗೆ 14 ಮಿಲಿಗ್ರಾಂ ಆಸುಪಾಸು. ಹಾಗಾದರೆ ಅಷ್ಟೊಂದು ಸುಣ್ಣ ಬಾವಿಯ ನೀರಿಗೆ ಬಂದದ್ದು ಹೇಗೆ? ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಗಿಡಮರಗಳ ಬೇರುಗಳು ಬಿಡುವ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ಅದರಿಂದ ಕೊಂಚ ಹುಳಿಯಾದ ಆ ನೀರು ಸುಣ್ಣವನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸಿ ಲೀಟರಿಗೆ ನೂರಾರು ಮಿಲಿಗ್ರಾಂ ಹೊತ್ತು ತರುತ್ತದೆ. ಹಂಡೆಗೆ ಬೆಂಕಿ ಹಾಕಿದಾಗ ಅನಿಲ ಹಾರಿಹೋಗುತ್ತದೆ. ಸಂಗಾತಿ ಹೋದ ಮೇಲೆ ಸುಣ್ಣಕ್ಕೆ ನೀರಿನಲ್ಲಿ ನಿಲ್ಲಲು ಆಸರೆ ಇಲ್ಲ. ಹಂಡೆಯ ಗೋಡೆಗೆ ಅಂಟುತ್ತದೆ. ಗಡಸು ನೀರನ್ನು ಕಾಯಿಸಿದರೆ ಗಡಸುತನ ಒಂದಷ್ಟು ಇಳಿಯುತ್ತದೆಂಬ ಮಾತು ಇದರಿಂದ ಬಂದದ್ದು. ಅದು ನಿಜವೂ ಹೌದು.

ಇಲ್ಲಿ ನಾವು ಗಮನಿಸಬೇಕಾದದ್ದು: ಒಂದು ವಸ್ತು ಎಷ್ಟು ಕರಗುತ್ತದೆಂಬುದು ಅದರ ಸ್ವಭಾವ, ನೀರಿನ ಶಾಖ ಇವೆರಡರಿಂದ ಮಾತ್ರ ನಿರ್ಧಾರವಾಗುವುದಿಲ್ಲ, ನೀರಿನಲ್ಲಿ ಅದರ ಜೊತೆಗೆ ಇನ್ನಾರು ಇದ್ದಾರೆ ಎಂಬುದೂ ಮುಖ್ಯ. ಜೊತೆಗಾರ ಸಹಾಯ ಮಾಡಬಹುದು, ಮೇಲೆ ಹೇಳಿದ ಅನಿಲದಂತೆ. ಅಡ್ಡಗಾಲು ಹಾಕಲೂಬಹುದು. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟರು ಉಪ್ಪಿನ ಪರ್ಯಾಪ್ತ ದ್ರಾವಣಕ್ಕೆ ಸ್ವಲ್ಪ ಪ್ರಬಲ ಹೈಡ್ರೊಕ್ಲೋರಿಕ್ ಆಮ್ಲವನ್ನು ಹನಿಸಿ ತೋರಿಸುತ್ತಿದ್ದರು. ತಿಳಿಯಾಗಿದ್ದ ನೀರಿನಲ್ಲಿ ಥಟ್ಟನೆ ಬಿಳಿಯ ಪುಡಿ ಇಳಿಯುತ್ತಿತ್ತು, ಅದು ಉಪ್ಪೇ. ಉಪ್ಪು ನೀರಿನಲ್ಲಿ ಸೋಡಿಯಂ, ಕ್ಲೋರೈಡು ಎಂದು ಎರಡು ಭಾಗವಾಗಿ ಕರಗಿರುತ್ತದೆ. ಆಮ್ಲದಲ್ಲಿಯೂ ಕ್ಲೋರೈಡೇ ಇದೆ. ಹೊರಗಿನಿಂದ ಕ್ಲೋರೈಡು ಬಂದು ತುಂಬಿಕೊಂಡಾಗ, ಸೋಡಿಯಮ್ಮಿನ ಕೆಲವು ಕಣಗಳು ಅದರೊಡನೆ ಕೂಡಿಕೊಂಡು ಹರಳಾಗಿ ನೀರನ್ನು ಬಿಟ್ಟು ಹೋಗಬೇಕಾಗುತ್ತದೆ. ಜೋಡಿಯಲ್ಲಿ ಒಬ್ಬರು ಹೆಚ್ಚಾದರೆ ಇನ್ನೊಬ್ಬರಿಗೆ ಜಾಗ ಕಡಮೆ. ಈ ಒಂದು ನಿಯಮವನ್ನು ಕೈಯಲ್ಲಿ ಹಿಡಿದುಕೊಂಡು ಈಗ ನನ್ನ ತಂಗಿಯ ಮನೆಗೆ ಹಿಂತಿರುಗೋಣ.

ಆ ಹುಡುಗಿಯ ಹಲ್ಲಿನ ಪಟ್ಟೆಗಳಿಗೆ ಕಾರಣ ಫ್ಲೋರೈಡು. ನಮ್ಮ ನಾಡಿನ ಪೂರ್ವ ಭಾಗದ ನೆಲದಡಿಯಲ್ಲಿ ಇರುವುದು ಗ್ರಾನೈಟು ಮತ್ತು ಅದರ ಜಾತಿಯ ಗಟ್ಟಿ ಬಂಡೆ. ಅದರಲ್ಲಿ ಫ್ಲೋರೈಟ್, ಅಪಟೈಟ್ ಎಂಬ ಖನಿಜಗಳೂ ಕಪ್ಪು ಕಾಗೆಬಂಗಾರವೂ ಅಲ್ಲಲ್ಲಿ ಸೇರಿಕೊಂಡಿವೆ. ಇವುಗಳಲ್ಲಿ ಫ್ಲೋರೈಡು ಇದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಚೂರು ಚೂರಾಗಿ ಕರಗಿಸಿಕೊಳ್ಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ಮುಂತಾದ ಕಡೆ ಇದು ಹೊಸ ಸುದ್ದಿಯಲ್ಲ. ಅಳತೆಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ರೂಢಿ. ಒಂದು ಲೀಟರು ನೀರು ಹತ್ತು ಲಕ್ಷ ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಒಂದು ಮಿಲಿಗ್ರಾಂ. ಭಾರತದ ಮಾನಕ ಹೇಳುವಂತೆ ಕುಡಿಯುವ ನೀರಿನಲ್ಲಿ ಅದು 1 ಮಿಲಿಗ್ರಾಮನ್ನು ಮೀರಬಾರದು. ಬೇರೆ ನೀರೇ ದೊರೆಯದಿದ್ದರೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಗಡಿಯೂ 1.5. ಇಷ್ಟು ಅಲ್ಪ ವಸ್ತು ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಮೂಗಿಗೆ ಸಿಗದು. ತಿಳಿಯಾಗಿರುವುದೇ ನೀರಿನ ಸಜ್ಜನಿಕೆಗೆ ಪ್ರಮಾಣಪತ್ರವಲ್ಲ. ಕರಗುವುದೆಂದರೆ ಕಾಣದಂತಾಗುವುದು ತಾನೆ?

ಇದು ಕಾಣದ್ದರಿಂದ ವಿಜ್ಞಾನಿಗಳೂ ಬಹುಕಾಲ ಮೋಸ ಹೋದರು. ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ವೃತ್ತಿ ಆರಂಭಿಸಿದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನಲ್ಲೆಲ್ಲ ಕಂದು ಕಲೆ. ವರ್ಷಗಟ್ಟಲೆ ವಿಚಾರಿಸಿ ನೀರಿನ ಮೇಲೆಯೇ ಸಂಶಯಪಟ್ಟ; ನೀರನ್ನು ಪರೀಕ್ಷೆ ಮಾಡಿಸಿದರೆ ಏನೂ ಸಿಗಲಿಲ್ಲ. ಆರ್ಕನ್ಸಾ ಪ್ರಾಂತ್ಯದ ಬಾಕ್ಸೈಟ್ ಎಂಬ ಗಣಿ ಊರಿನಲ್ಲಿಯೂ ಅದೇ ಕಥೆ. ಆ ಊರಿಗೆ 1909ರಲ್ಲಿ ಆಳವಾದ ಬಾವಿಗಳಿಂದ ನೀರು ಕೊಡಲು ಆರಂಭಿಸಿದ್ದರು; ಆಮೇಲೆ ಬೆಳೆದ ಮಕ್ಕಳ ಹಲ್ಲು ಮಾತ್ರ ಕೆಟ್ಟಿತ್ತು. ಗಣಿ ನಡೆಸುತ್ತಿದ್ದ ಅಲ್ಯೂಮಿನಿಯಂ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಎಂಬಾತನಿಗೆ ಇದರಿಂದ ತಲೆನೋವು. ಅಲ್ಯೂಮಿನಿಯಂ ಪಾತ್ರೆ ವಿಷ ಎಂಬ ಗುಲ್ಲು ಆಗ ಹಬ್ಬಿತ್ತು, ಹಲ್ಲಿನ ಅಪವಾದವೂ ತಮ್ಮ ಲೋಹದ ತಲೆಗೇ ಬಂದೀತೆಂದು ಅವನ ಚಿಂತೆ. 1931ರಲ್ಲಿ ಅವನು ಬಾಕ್ಸೈಟಿನ ನೀರನ್ನು ರೋಹಿತದರ್ಶಕದಿಂದ ಪರೀಕ್ಷೆ ಮಾಡಿಸಿದಾಗ ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡು ಸಿಕ್ಕಿತು. ಮೊದಲು ಅವನೇ ನಂಬದೆ ಮತ್ತೊಮ್ಮೆ ನೀರು ತರಿಸಿ ನೋಡಿಸಿದನಂತೆ. ಅಲ್ಲಿಯವರೆಗೆ ಯಾರಿಗೂ ಏಕೆ ಸಿಗಲಿಲ್ಲವೆಂದರೆ, ಯಾರೂ ಅದನ್ನು ಹುಡುಕಿರಲಿಲ್ಲ. ನಮ್ಮ ದೇಶದಲ್ಲಿ 1937ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದರು. ಅಲ್ಲಿ ಹಲ್ಲಿಗೆ ಮಾತ್ರ ನಿಂತಿರಲಿಲ್ಲ. ಬಹುಕಾಲ ಆ ನೀರು ಕುಡಿದವರ ಬೆನ್ನೆಲುಬೇ ಬಗ್ಗದಂತೆ ಬಿಗಿದುಹೋಗಿತ್ತು.

ಹಲ್ಲಿನ ಕಲೆ ಎಳೆಯ ವಯಸ್ಸಿನದು. ಖಾಯಂ ಹಲ್ಲುಗಳ ಮೇಲಿನ ಗಾಜಿನಂಥ ಹೊದಿಕೆ ದವಡೆಯೊಳಗೆ ತಯಾರಾಗುವ ಕಾಲದಲ್ಲಿ, ಹೆಚ್ಚುಕಡಮೆ ಎಂಟು ವರ್ಷದೊಳಗೆ, ಫ್ಲೋರೈಡು ಅತಿಯಾದರೆ ಆ ಹೊದಿಕೆ ಕೆಡುತ್ತದೆ. ಅದಾದ ಮೇಲೆ ಊರಿಗೆ ಬಂದವರ ಹಲ್ಲಿಗೆ ಏನೂ ಆಗದು. ಮೂಳೆಯ ಮಾತು ಹಾಗಲ್ಲ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಅಲ್ಪ ಪ್ರಮಾಣದ ಫ್ಲೋರೈಡು ಹಲ್ಲಿಗೆ ಸ್ನೇಹಿತ. ಅದು ಸೇರಿದ ಹಲ್ಲಿನ ಹೊದಿಕೆ ಬಾಯಿಯ ಹುಳಿಗೆ ಅಷ್ಟು ಸುಲಭವಾಗಿ ಕರಗುವುದಿಲ್ಲ, ಹುಳುಕು ಕಡಮೆ. ಇಲ್ಲಿಯೂ ಕರಗುವಿಕೆಯದೇ ಆಟ.

ಹಾಗಾದರೆ ನೀರಿನಲ್ಲಿ ಫ್ಲೋರೈಡು ಎಷ್ಟು ಕರಗೀತು? ಕ್ಯಾಲ್ಸಿಯಂ ಜೊತೆಗೆ ಸೇರಿದ ಫ್ಲೋರೈಡು, ಎಂದರೆ ಫ್ಲೋರೈಟ್ ಖನಿಜ, ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 15 ಮಿಲಿಗ್ರಾಂ ಮಾತ್ರ ಕರಗುತ್ತದೆ. ಅದರಲ್ಲಿ ಫ್ಲೋರೈಡಿನ ಪಾಲು ಸುಮಾರು 7 ಮಿಲಿಗ್ರಾಂ. ಈಗ ಮೇಷ್ಟರು ತೋರಿಸಿದ ನಿಯಮವನ್ನು ಹಚ್ಚಿ ನೋಡಿ. ನೀರಿನಲ್ಲಿ ಮೊದಲೇ ಕ್ಯಾಲ್ಸಿಯಂ ಧಾರಾಳವಾಗಿದ್ದರೆ, ಎಂದರೆ ನೀರು ಗಡಸಾಗಿದ್ದರೆ, ಫ್ಲೋರೈಡಿಗೆ ಜಾಗ ಕಡಮೆ. ಲೆಕ್ಕ ಹಾಕಿದರೆ, ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡು ನಾಲ್ಕು ಮಿಲಿಗ್ರಾಮಿನ ಆಚೀಚೆ ನಿಲ್ಲಬೇಕು. 160 ಇದ್ದರೆ ಎರಡರ ಸಮೀಪಕ್ಕೆ ಇಳಿಯಬೇಕು. ನಿಜವಾದ ನೀರಿನಲ್ಲಿ ಬೇರೆ ಲವಣಗಳೂ ಇರುವುದರಿಂದ ಅಂಕಿಗಳು ಕೊಂಚ ಹಿಂದುಮುಂದಾಗುತ್ತವೆ, ಒಲವು ಮಾತ್ರ ಇದೇ. ಕ್ಯಾಲ್ಸಿಯಂ ಫ್ಲೋರೈಡಿನ ಕಾವಲುಗಾರ.

ಕಾವಲುಗಾರ ಎದ್ದು ಹೋದರೆ? ಒಣ ಪ್ರದೇಶದ ನೆಲದಲ್ಲಿ ಹಾಗೆಯೇ ಆಗುತ್ತದೆ. ಬಿಸಿಲಿಗೆ ನೀರು ಆರುತ್ತ, ಅಜ್ಜಿಯ ಹಂಡೆಯಲ್ಲಿ ಕಟ್ಟಿದಂತೆ, ಮಣ್ಣಿನಲ್ಲಿಯೂ ಸುಣ್ಣ ಗಂಟು ಗಂಟಾಗಿ ಕಟ್ಟುತ್ತದೆ. ಬಯಲುಸೀಮೆಯ ಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿಯ ಗಂಟುಗಳೇ ಅವು. ಜೇಡಿಮಣ್ಣು ಮತ್ತೊಂದು ಕೆಲಸ ಮಾಡುತ್ತದೆ. ನೀರಿನ ಕ್ಯಾಲ್ಸಿಯಮ್ಮನ್ನು ತಾನಿಟ್ಟುಕೊಂಡು ಸೋಡಿಯಮ್ಮನ್ನು ಬಿಟ್ಟುಕೊಡುತ್ತದೆ. ಸೋಡಿಯಂ ಫ್ಲೋರೈಡು ಲೀಟರಿಗೆ ನಾಲ್ವತ್ತು ಗ್ರಾಂ ಕರಗುವ ವಸ್ತು. ಗ್ರಾಂ, ಮಿಲಿಗ್ರಾಂ ಅಲ್ಲ. ಅಲ್ಲಿಗೆ ತಡೆ ಇಲ್ಲವಾಯಿತು. ಬಂಡೆಯಲ್ಲಿ ಫ್ಲೋರೈಡು ಇರುವಷ್ಟು ಕಾಲ ನೀರು ಅದನ್ನು ಎತ್ತಿಕೊಳ್ಳುತ್ತ ಹೋಗಬಹುದು. ಇಂಥ ನೀರಿನ ಲಕ್ಷಣವೇನು? ಕ್ಯಾಲ್ಸಿಯಂ ಇಲ್ಲದ್ದರಿಂದ ಅದು ಮೆದು. ಸೋಪು ಚೆನ್ನಾಗಿ ನೊರೆ ಬಿಡುತ್ತದೆ. ಬೇಳೆ ಬೆಣ್ಣೆಯಂತೆ ಬೇಯುತ್ತದೆ!

ತಂಗಿ ಯಾವ ಗುಣಗಳಿಗಾಗಿ ಆ ನೀರನ್ನು ಹೊಗಳಿದಳೋ ಆ ಗುಣಗಳೇ ಅದರ ಮೇಲಿನ ಅನುಮಾನಕ್ಕೆ ಆಧಾರವಾದವು. ಮೆದು ನೀರೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಳೆಯ ನೀರಿಗಿಂತ ಮೆದುವಾದದ್ದು ಯಾವುದು? ಅದು ಬಂಡೆಯನ್ನೇ ಮುಟ್ಟಿಲ್ಲ, ಅದರಲ್ಲಿ ಫ್ಲೋರೈಡು ಇಲ್ಲವೆನ್ನಬಹುದು. ಗಡಸು ನೀರೆಲ್ಲ ನಿರಪಾಯವೆಂದೂ ಅಲ್ಲ. ಎರಡು ಮಿಲಿಗ್ರಾಂ ಕೂಡ ಗಡಿಯನ್ನು ಮೀರಿದ್ದೇ. ಗಟ್ಟಿ ಬಂಡೆಯ ನಾಡಿನಲ್ಲಿ, ಆಳದ ಕೊಳವೆ ಬಾವಿಯಿಂದ, ಮೆದುವಾದ ನೀರು ಬಂದರೆ ಪರೀಕ್ಷೆ ಮಾಡಿಸದೆ ಸಂತೋಷಪಡಬಾರದು, ಅಷ್ಟೆ.

ಇನ್ನು ಕಾಯಿಸುವ ವಿಚಾರ. ಕಾಯಿಸುವುದರಿಂದ ರೋಗಾಣುಗಳು ಸಾಯುತ್ತವೆ. ಆ ಅಭ್ಯಾಸವನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಫ್ಲೋರೈಡು ಜೀವಿಯಲ್ಲ ಸಾಯಲಿಕ್ಕೆ, ಅನಿಲವಲ್ಲ ಹಾರಿಹೋಗಲಿಕ್ಕೆ. ಹತ್ತು ಲೀಟರು ನೀರನ್ನು ಕಾಯಿಸಿ ಎಂಟು ಲೀಟರಿಗೆ ಇಳಿಸಿದರೆ ಹತ್ತು ಲೀಟರಿನ ಫ್ಲೋರೈಡೆಲ್ಲ ಆ ಎಂಟರಲ್ಲಿ ಉಳಿಯುತ್ತದೆ. ಲೀಟರಿಗೆ 1.6 ಮಿಲಿಗ್ರಾಂ ಇದ್ದದ್ದು 2 ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಮೇಣದಬತ್ತಿಯಾಕಾರದ ಸೋಸುಗದಲ್ಲಿ ಇಳಿಸಿದರೂ ಫಲವಿಲ್ಲ. ಸೋಸುವುದು ತೇಲುವ ಕಣಗಳಿಗೆ, ಕರಗಿದ್ದಕ್ಕಲ್ಲ.

"ಕ್ಯಾಲ್ಸಿಯಂ ಕಾವಲುಗಾರ ಎಂದೆಯಲ್ಲ, ಒಂದಿಷ್ಟು ಸುಣ್ಣ ಹಾಕಿಬಿಟ್ಟರಾಯಿತು" ಎಂದಳು ತಂಗಿ. ಜಾಣ ಪ್ರಶ್ನೆ. ಆದರೆ ಲೆಕ್ಕ ಒಪ್ಪುವುದಿಲ್ಲ. ಕ್ಯಾಲ್ಸಿಯಂ ಒಂದರಿಂದಲೇ ಫ್ಲೋರೈಡನ್ನು 1.5ಕ್ಕೆ ಇಳಿಸಬೇಕಾದರೆ ಲೀಟರಿಗೆ ಸುಮಾರು 250 ಮಿಲಿಗ್ರಾಂ ಕ್ಯಾಲ್ಸಿಯಂ ನೀರಿನಲ್ಲಿ ಉಳಿದಿರಬೇಕು. ಕುಡಿಯುವ ನೀರಿನಲ್ಲಿ ಕ್ಯಾಲ್ಸಿಯಂ 75 ಮಿಲಿಗ್ರಾಂ ಇರುವುದು ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 200ರವರೆಗೆ ಆಗಬಹುದೆಂದು ಮಾನಕ. 250 ಎಂದರೆ ಅಜ್ಜಿಯ ಬಾವಿಯನ್ನೂ ಮೀರಿಸುವ ಗಡಸು. ಸುಣ್ಣ ಹೆಚ್ಚಾದರೆ ನೀರಿನ ಕ್ಷಾರವೂ ಬಾಯಿಗೆ ಸೇರದು. ಆದಕಾರಣ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರು 1970ರ ದಶಕದಲ್ಲಿ ಬೇರೆ ಉಪಾಯ ಹೂಡಿದರು. ಫ್ಲೋರೈಡು ಪೀಡಿತ ನಲ್ಗೊಂಡ ಜಿಲ್ಲೆಯ ಹೆಸರೇ ಅದಕ್ಕೆ ನಿಂತಿದೆ. ನೀರಿಗೆ ಲೆಕ್ಕವಾಗಿ ಸುಣ್ಣ ಮತ್ತು ಪಟಿಕ, ಜೊತೆಗೆ ಬ್ಲೀಚಿಂಗ್ ಪುಡಿ ಹಾಕಿ ಕಲಕಿದರೆ ಹತ್ತಿಯ ಎಸಳಿನಂಥ ಮಡ್ಡಿ ಹುಟ್ಟುತ್ತದೆ. ಫ್ಲೋರೈಡು ಆ ಮಡ್ಡಿಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಮೇಲಿನ ತಿಳಿ ಕುಡಿಯಲು. ಪಟಿಕದ ಅಳತೆ ನೀರಿನಿಂದ ನೀರಿಗೆ ಬದಲಾಗುವುದರಿಂದ ಕಣ್ಣಂದಾಜಿನಲ್ಲಿ ಮನೆಯಲ್ಲಿ ಮಾಡತಕ್ಕ ಕೆಲಸ ಇದಲ್ಲ. ಕೊಡದಲ್ಲಿ ಪಟಿಕದ ಗಟ್ಟಿಯನ್ನು ನಾಲ್ಕು ಸುತ್ತು ತಿರುಗಿಸಿದರೆ ಕೆಸರು ಕೂತೀತು, ಫ್ಲೋರೈಡು ಹೋಗದು.

ಈಗ ಹಳ್ಳಿಗಳಲ್ಲಿಯೂ ಕಾಣುವ ಶುದ್ಧ ಕುಡಿಯುವ ನೀರಿನ ಘಟಕಗಳ ದಾರಿ ಇನ್ನೊಂದು. ನೀರನ್ನು ಮಾತ್ರ ಬಿಟ್ಟು ಕರಗಿದ್ದನ್ನು ಬಹುಮಟ್ಟಿಗೆ ತಡೆಯುವ ಸೂಕ್ಷ್ಮ ಪೊರೆಯ ಮೂಲಕ ಒತ್ತಡ ಹಾಕಿ ನೂಕುವುದು. ಪೊರೆ ಚೆನ್ನಾಗಿರುವವರೆಗೆ ಕೆಲಸವೂ ಚೆನ್ನು. ಹಳತಾದ ಮೇಲೆ ಬದಲಾಯಿಸದಿದ್ದರೆ ತಿಳಿಯಾದ ನೀರೇ ಬರುತ್ತಿರುತ್ತದೆ, ಒಳಗಿನದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಸ್ವಂತ ಮೆಚ್ಚುಗೆ ಮಳೆಯ ನೀರಿಗೆ. ಮೊದಲ ಮಳೆಗಳಲ್ಲಿ ತಾರಸಿ ತೊಳೆದುಹೋಗಲು ಬಿಟ್ಟು, ಆಮೇಲಿನದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ತುಂಬಿಸಿ, ಕಾಯಿಸಿ ಕುಡಿಯುವುದು.

ಎಲ್ಲಕ್ಕೂ ಮೊದಲು ಪರೀಕ್ಷೆಯಾಗಬೇಕು. ಜಿಲ್ಲಾ ಕೇಂದ್ರಗಳಲ್ಲಿ ನೀರು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯಗಳಿವೆ. ಗಾಜಿನ ಸೀಸೆಯ ಬದಲು ಚೊಕ್ಕಟವಾದ ಪ್ಲಾಸ್ಟಿಕ್ ಸೀಸೆಯಲ್ಲಿ ನೀರು ಒಯ್ಯಬೇಕು. ಫ್ಲೋರೈಡು ಎಷ್ಟಿದೆ ನೋಡಿ ಎಂದು ಹೆಸರು ಹಿಡಿದು ಕೇಳಬೇಕು. ಬಾಕ್ಸೈಟ್ ಊರಿನವರ ಕಥೆ ಮರೆಯಬಾರದು.

ತಂಗಿ ಮರುವಾರವೇ ಸೀಸೆ ಕಳಿಸಿದಳು. ಬಂದ ಚೀಟಿಯಲ್ಲಿ ಫ್ಲೋರೈಡು ಒಪ್ಪಬಹುದಾದ ಮಿತಿಯ ಇಮ್ಮಡಿಗೂ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ದೊಡ್ಡ ಮಗಳ ಹಲ್ಲಿನ ಪಟ್ಟೆ ಹೋಗುವುದಲ್ಲ. ಎರಡನೆಯದಕ್ಕೆ ಇನ್ನೂ ಮೂರು ವರ್ಷ, ಅದರ ಹಲ್ಲು ಉಳಿಸಬಹುದು. ಕುಡಿಯಲು ಬೇರೆ ನೀರಿನ ವ್ಯವಸ್ಥೆಯಾಗಿದೆಯೆಂದು ಫೋನಿನಲ್ಲಿ ಹೇಳಿದಳು. "ಆದರೆ ಅಣ್ಣಾ, ಬೇಳೆಗೆ ಮಾತ್ರ ಕೊಳವೆ ಬಾವಿಯ ನೀರೇ ಹಾಕುತ್ತೇನೆ, ಅಷ್ಟು ಚೆನ್ನಾಗಿ ಬೇಯುತ್ತದೆ" ಎಂದಳು. ಬೇಳೆ ಬೇಯುವಾಗ ಕುಡಿದ ನೀರನ್ನು ನಾವೇ ಉಣ್ಣುತ್ತೇವಲ್ಲ, ಅನ್ನ, ಸಾರು, ಕಾಫಿ ಎಲ್ಲಕ್ಕೂ ಆ ಲೆಕ್ಕ ಹಿಡಿಯಬೇಕು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಕೊಳವೆ ಬಾವಿಯದು ಧಾರಾಳವಾಗಿ ಆಗಬಹುದು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ದಿನಕ್ಕೆ ಎಷ್ಟು ಕೊಡ ಬೇಕಾದೀತೆಂದು ಲೆಕ್ಕ ಹಾಕುತ್ತಿದ್ದಳು.